ನೆಲದ ಚಳಿಗೆ ಎಷ್ಟು ಗ್ರಾಂ?

ಪ್ರಶ್ನೆ: ನನಗೆ 46 ವರ್ಷ, ದಾವಣಗೆರೆಯಲ್ಲಿ ಬ್ಯಾಂಕ್ ಉದ್ಯೋಗ. ಎತ್ತರ 180 ಸೆಂ.ಮೀ., ತೂಕ 82 ಕೆ.ಜಿ. ಬರುವ ಆಗಸ್ಟ್‌ನಲ್ಲಿ ಮೂವರು ಗೆಳೆಯರು ಕಾಶ್ಮೀರದ ಗ್ರೇಟ್ ಲೇಕ್ಸ್ ಚಾರಣಕ್ಕೆ ಹೊರಟಿದ್ದೇವೆ. ಕುದುರೆ ಗೊತ್ತುಮಾಡಿಲ್ಲ, ಹೊರೆಯೆಲ್ಲ ನಮ್ಮ ಬೆನ್ನ ಮೇಲೆಯೇ. ಮೂವರಿಗೂ ಒಂದೇ ಟೆಂಟ್. ಡಿಸೆಂಬರ್‌ನಲ್ಲಿ ಕೇದಾರಕಂಠದ ಹಿಮ ನೋಡುವ ಆಸೆಯೂ ಇದೆ. ಇದುವರೆಗೆ ಕಪ್ಪು ಫೋಮ್ ಮ್ಯಾಟ್ ಮೇಲೆ ಮಲಗುತ್ತಿದ್ದೆ. ಈಗ ಸೊಂಟ ಒಪ್ಪುತ್ತಿಲ್ಲ. ನಾನು ಮಗ್ಗುಲಾಗಿ ಮಲಗುವವನು. ಗಾಳಿ ತುಂಬುವ ಸ್ಲೀಪಿಂಗ್ ಪ್ಯಾಡ್‌ಗಳನ್ನು ಹುಡುಕಿದರೆ ಮೂರು ಸಾವಿರದಿಂದ ಇಪ್ಪತ್ತು ಸಾವಿರ ರೂಪಾಯಿವರೆಗೆ ಸಿಗುತ್ತಿವೆ, ನೋಡಲು ಎಲ್ಲವೂ ಒಂದೇ ಥರ. ಎಲ್ಲಕ್ಕಿಂತ ಹಗುರವಾದುದನ್ನೇ ಕೊಳ್ಳಬೇಕೆ? ನಡುರಾತ್ರಿ ಪಂಕ್ಚರ್ ಆದರೆ ಗತಿಯೇನು?

ಉತ್ತರ: ನಿಮ್ಮ ಪತ್ರದಲ್ಲಿ ತೂಕವಿದೆ, ಬೆಲೆಯಿದೆ, ಸೊಂಟವಿದೆ, ಪಂಕ್ಚರಿನ ಭಯವೂ ಇದೆ. ನೆಲದ ಚಳಿಯ ಮಾತು ಮಾತ್ರ ಎಲ್ಲೂ ಇಲ್ಲ. ಪ್ಯಾಡ್ ಕೊಳ್ಳುವವರಲ್ಲಿ ಹೆಚ್ಚಿನವರು ಅದನ್ನು ಹಾಸಿಗೆ ಎಂದುಕೊಂಡೇ ಕೊಳ್ಳುತ್ತಾರೆ. ಬೆಟ್ಟದಲ್ಲಿ ಅದರ ಮೊದಲ ಕೆಲಸ ಮೆತ್ತಗಿರುವುದಲ್ಲ, ನಿಮ್ಮ ಮೈಯ ಬಿಸಿಯನ್ನು ನೆಲ ಹೀರದಂತೆ ತಡೆಯುವುದು. ಆದ್ದರಿಂದ ಮೊದಲು ಚಳಿಯನ್ನು ನೋಡಿ, ಆಮೇಲೆ ನಿಮ್ಮ ಮೈಯನ್ನು, ಕಡೆಯಲ್ಲಿ ಗ್ರಾಂ ಲೆಕ್ಕವನ್ನು. ಈ ಸರದಿಯನ್ನು ತಲೆಕೆಳಗು ಮಾಡಿ ದುಡ್ಡು ಕಳೆದುಕೊಂಡವರಲ್ಲಿ ನಾನೂ ಒಬ್ಬ.

ಬಹಳ ವರ್ಷಗಳ ಹಿಂದೆ, ಒಂದು ಅಕ್ಟೋಬರ್‌ನಲ್ಲಿ, ಉತ್ತರಾಖಂಡದ ಹರ್ ಕಿ ದೂನ್ ಕಣಿವೆಗೆ ಹೋಗಿದ್ದೆ. ಮೈ ಹೊಕ್ಕಿದ್ದು ಒಳ್ಳೆಯ ಸ್ಲೀಪಿಂಗ್ ಬ್ಯಾಗ್. ಕೆಳಗಿದ್ದದ್ದು ಬೆಂಗಳೂರಿನ ಒಂದು ಅಂಗಡಿಯಲ್ಲಿ ಕೊಂಡ, ಹತ್ತು ಸೆಂಟಿಮೀಟರ್ ದಪ್ಪದ ಗಾಳಿಹಾಸಿಗೆ. ಅಂಗಡಿಯವರು, ಇದರ ಮೇಲೆ ಮಲಗಿದರೆ ಮನೆಯ ಮಂಚ ಮರೆತುಹೋಗುತ್ತದೆ ಎಂದಿದ್ದರು. ಮರೆತುಹೋದದ್ದು ನಿದ್ದೆ. ಬೆನ್ನ ಕೆಳಗೆ ಯಾರೋ ಬಾವಿನೀರು ಸುರಿಯುತ್ತಿದ್ದಾರೆ ಅನ್ನಿಸುತ್ತಿತ್ತು. ಹೊದಿಕೆಯ ಮೇಲೆ ಜಾಕೆಟ್, ಅದರ ಮೇಲೆ ಮಳೆಯಂಗಿ ಹೇರಿದೆ. ಮೇಲೆ ಎಷ್ಟು ಹೇರಿದರೂ ಚಳಿ ಬರುತ್ತಿದ್ದದ್ದು ಕೆಳಗಿನಿಂದ. ಪಕ್ಕದ ಗುಡಾರದಲ್ಲಿ ನಮ್ಮ ಹೊರೆ ಹೊತ್ತು ತಂದಿದ್ದ ಊರಿನ ಹುಡುಗ ಒಣಹುಲ್ಲಿನ ಮೇಲೆ ಒಂದು ಹಳೆಯ ಕಂಬಳಿ ಹಾಸಿಕೊಂಡು ಹಾಯಾಗಿ ಗೊರಕೆ ಹೊಡೆಯುತ್ತಿದ್ದ. ಬೆಳಗಿನ ಜಾವ ನಾಚಿಕೆ ಬಿಟ್ಟು ಅವನ ಹುಲ್ಲಿನಲ್ಲಿ ಪಾಲು ಕೇಳಿದೆ.

ಅವನ ಹುಲ್ಲಿನಲ್ಲೂ ಗಾಳಿಯೇ ಇದ್ದದ್ದು, ನನ್ನ ಹಾಸಿಗೆಯಲ್ಲೂ ಗಾಳಿಯೇ. ವ್ಯತ್ಯಾಸ ಇಷ್ಟೆ: ಹುಲ್ಲಿನಲ್ಲಿ, ಉಣ್ಣೆಯಲ್ಲಿ ಗಾಳಿ ಸಾವಿರಾರು ಸಣ್ಣ ಸಂದುಗಳಲ್ಲಿ ಸಿಕ್ಕಿಕೊಂಡು ಅಲ್ಲಾಡದೆ ನಿಂತಿತ್ತು, ನನ್ನ ಹಾಸಿಗೆಯಲ್ಲಿ ಅದಕ್ಕೆ ಓಡಾಡಲು ದೊಡ್ಡ ಹಜಾರವೇ ಇತ್ತು. ಬಿಸಿಗಾಳಿ ಮೇಲಕ್ಕೆ ಹೋಗುತ್ತದೆ, ಮೈ ಇರುವುದೂ ಮೇಲೆಯೇ, ಹಾಗಿದ್ದ ಮೇಲೆ ಬಿಸಿ ಕೆಳಗಿಳಿಯುವುದು ಹೇಗೆ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ನೀವು ಮಗ್ಗುಲು ಬದಲಿಸಿದಾಗಲೆಲ್ಲ ಒಳಗಿನ ಗಾಳಿ ಕಲಕುತ್ತದೆ. ನಿಮ್ಮ ಮೈ ನಡುವಿನ ಭಾಗವನ್ನಷ್ಟೇ ಬಿಸಿ ಮಾಡುತ್ತದೆ, ಅಂಚುಗಳು ತಣ್ಣಗೇ ಇರುತ್ತವೆ. ಆ ವ್ಯತ್ಯಾಸಕ್ಕೇ ಗಾಳಿ ಸುತ್ತಾಡತೊಡಗುತ್ತದೆ. ಇವೆರಡೂ ಇಲ್ಲದಿದ್ದರೂ, ಬಿಸಿಲು ಭೂಮಿಗೆ ಬಂದಂತೆ, ಮೇಲಿನ ಬಟ್ಟೆಯ ಶಾಖ ಗಾಳಿಯ ಹಂಗಿಲ್ಲದೆ ವಿಕಿರಣವಾಗಿ ಕೆಳಗಿನ ಬಟ್ಟೆಗೆ ದಾಟಿಬಿಡುತ್ತದೆ. ಹಾಗಾಗಿ ಒಳಗೆ ಏನೂ ಇಲ್ಲದ ಗಾಳಿಚೀಲ ಎಷ್ಟೇ ದಪ್ಪಗಿದ್ದರೂ ಚಳಿಗೆ ಅಡ್ಡ ನಿಲ್ಲುವುದಿಲ್ಲ. ದಪ್ಪ ಸೊಂಟಕ್ಕೆ ಒಳ್ಳೆಯದು, ಬಿಸಿಗೆ ಅದೊಂದೇ ಸಾಲದು.

ಒಳ್ಳೆಯ ಪ್ಯಾಡ್ ತಯಾರಕರು ಮಾಡುವುದೆಲ್ಲ ಈ ದಾರಿಗಳನ್ನು ಮುಚ್ಚುವ ಕೆಲಸ. ಕೆಲವರು ಒಳಗೆ ಅಲ್ಯೂಮಿನಿಯಂ ಲೇಪದ ತೆಳು ಹಾಳೆಗಳನ್ನು ಇಳಿಬಿಟ್ಟು ಶಾಖವನ್ನು ಮೇಲಕ್ಕೇ ಹಿಂದಿರುಗಿಸುತ್ತಾರೆ. ಕೆಲವರು ಕೃತಕ ನಾರನ್ನೋ ಬಾತುಕೋಳಿಯ ಗರಿಯನ್ನೋ ತುಂಬಿ ಗಾಳಿಯನ್ನು ನಿಲ್ಲಿಸುತ್ತಾರೆ. ಜೊತೆಗೆ ಒಳಗನ್ನು ಸಣ್ಣ ಕೋಣೆಗಳಾಗಿ ಒಡೆಯುತ್ತಾರೆ. ಇದೆಲ್ಲ ಹೊರಗಿನಿಂದ ಕಾಣುವುದಿಲ್ಲ. ಮೂರು ಸಾವಿರದ್ದೂ ಇಪ್ಪತ್ತು ಸಾವಿರದ್ದೂ ನಿಮಗೆ ಒಂದೇ ಥರ ಕಂಡದ್ದು ಅದಕ್ಕೇ.

ಕಣ್ಣಿಗೆ ಕಾಣದ್ದನ್ನು ಅಳೆಯಲು ಒಂದು ಸಂಖ್ಯೆ ಇದೆ: ಆರ್ ಮೌಲ್ಯ. ಬಿಸಿ ಹರಿಯದಂತೆ ಪ್ಯಾಡ್ ಎಷ್ಟು ತಡೆಯುತ್ತದೆ ಎಂಬುದರ ಅಳತೆ ಅದು. ಸಂಖ್ಯೆ ಹೆಚ್ಚಿದಷ್ಟೂ ತಡೆ ಹೆಚ್ಚು. ಮೊದಲು ಒಂದೊಂದು ಕಂಪನಿ ತನಗೆ ತೋಚಿದ ಹಾಗೆ ಅಳೆದು ತನಗೆ ಬೇಕಾದ ಸಂಖ್ಯೆ ಬರೆದುಕೊಳ್ಳುತ್ತಿತ್ತು. 2018ರಲ್ಲಿ ಎಎಸ್‌ಟಿಎಂ ಎಫ್3340 ಎಂಬ ಪರೀಕ್ಷಾ ಮಾನದಂಡ ಬಂದಿತು, 2020ರ ಹೊತ್ತಿಗೆ ದೊಡ್ಡ ತಯಾರಕರೆಲ್ಲ ಅದನ್ನು ಒಪ್ಪಿಕೊಂಡರು. ಗಾಳಿ ತುಂಬಿದ ಪ್ಯಾಡನ್ನು ಒಂದು ಬಿಸಿ ತಟ್ಟೆ, ಒಂದು ತಣ್ಣನೆಯ ತಟ್ಟೆಯ ನಡುವೆ ಇಟ್ಟು, ಬಿಸಿ ತಟ್ಟೆಯನ್ನು ಅದೇ ಉಷ್ಣತೆಯಲ್ಲಿ ಉಳಿಸಲು ಎಷ್ಟು ಶಕ್ತಿ ಬೇಕಾಯಿತು ಎಂದು ಅಳೆಯುತ್ತಾರೆ. ಹಳೆಯ ದಾಸ್ತಾನಿನ ಪ್ಯಾಡ್ ಅಗ್ಗಕ್ಕೆ ಸಿಕ್ಕಿದರೆ ಅದರ ಮೇಲಿನ ಸಂಖ್ಯೆಯನ್ನು ಹೊಸದರ ಸಂಖ್ಯೆಯೊಂದಿಗೆ ಹೋಲಿಸಬೇಡಿ. ಇನ್ನು, ಆರ್ ಮೌಲ್ಯವನ್ನೇ ಬರೆಯದೆ ‘ಮೈನಸ್ ಐದು ಡಿಗ್ರಿಗೂ ಸೂಕ್ತ’ ಎಂದಷ್ಟೇ ಬರೆದಿರುವ ಪ್ಯಾಡ್‌ಗಳನ್ನು ನಾನು ಕೈಯಲ್ಲಿ ಹಿಡಿದು ನೋಡುವುದೂ ಇಲ್ಲ. ಅಳೆದವರು ಸಂಖ್ಯೆಯನ್ನು ಬಚ್ಚಿಡುವುದಿಲ್ಲ.

ಸ್ಥೂಲವಾಗಿ ಹೇಳುವುದಾದರೆ, ನಮ್ಮ ಬಯಲುಸೀಮೆಯ ಬೇಸಗೆಗೆ 1ರಿಂದ 2 ಸಾಕು. ಹಿಮಾಲಯದ ಬೇಸಗೆ, ಮಳೆಗಾಲದ ರಾತ್ರಿಗಳಿಗೆ 3ರಿಂದ 4 ಬೇಕು. ಹಿಮದ ಮೇಲೆ ಮಲಗಬೇಕಾದರೆ 5.5ಕ್ಕಿಂತ ಕೆಳಗಿಳಿಯಬಾರದು. ಚಳಿ ಬೇಗ ಹತ್ತುವವರು ಇದಕ್ಕೆ ಇನ್ನೊಂದು ಅಂಕ ಕೂಡಿಸಿಕೊಳ್ಳಲಿ.

ಸ್ಲೀಪಿಂಗ್ ಬ್ಯಾಗ್ ಇದೆಯಲ್ಲ ಎನ್ನಬೇಡಿ. ಬ್ಯಾಗಿನ ಬಿಸಿ ಇರುವುದು ಅದರ ಉಬ್ಬಿನಲ್ಲಿ, 82 ಕೆ.ಜಿ. ಅದರ ಮೇಲೆ ಬಿದ್ದಾಗ ಕೆಳಭಾಗ ಹಪ್ಪಳವಾಗುತ್ತದೆ. ಬ್ಯಾಗಿನ ಮೇಲೆ ಇಷ್ಟು ಡಿಗ್ರಿಗೆ ಹಿತ ಎಂದು ಅಚ್ಚಾಗಿರುವ ಸಂಖ್ಯೆಯೂ ಪ್ರಯೋಗಾಲಯದಲ್ಲಿ ಗೊಂಬೆಯೊಂದನ್ನು ಆರ್ ಮೌಲ್ಯ 5ರ ಆಸುಪಾಸಿನ ಪ್ಯಾಡ್ ಮೇಲೆ ಮಲಗಿಸಿ ಪಡೆದದ್ದು. ನೀವು ಅದೇ ಬ್ಯಾಗನ್ನು ಆರ್ ಮೌಲ್ಯ 1ರ ಫೋಮ್ ಮೇಲೆ ಹಾಸಿಕೊಂಡು, ಬ್ಯಾಗು ಮೋಸ ಮಾಡಿತು ಎಂದು ದೂರಿದರೆ ಅದು ಬ್ಯಾಗಿನ ತಪ್ಪಲ್ಲ.

ಈಗ ನಿಮ್ಮ ದಾರಿಗೆ ಬರೋಣ. ಸೋನಮಾರ್ಗದ ಬಳಿ ಶುರುವಾಗಿ ನಾರಾನಾಗ್‌ನಲ್ಲಿ ಮುಗಿಯುವ ಈ ಚಾರಣದಲ್ಲಿ ನೀವು ಮಲಗುವುದು ವಿಶನ್‌ಸರ್, ಗಡ್ಸರ್, ಸತ್ಸರ್, ಗಂಗಬಲ್ ಸರೋವರಗಳ ಆಸುಪಾಸಿನ ಹುಲ್ಲುಗಾವಲುಗಳಲ್ಲಿ, ಬಹುಪಾಲು ಮೂರೂವರೆ ಸಾವಿರ ಮೀಟರ್‌ಗಿಂತ ಎತ್ತರದಲ್ಲಿ. ಗಡ್ಸರ್ ಕಣಿವೆಗೆ ಇಳಿಯುವ ಮುನ್ನ ದಾಟುವ ಪಾಸ್ ಸುಮಾರು 4,200 ಮೀಟರ್. ಆಗಸ್ಟ್‌ನಲ್ಲೂ ರಾತ್ರಿ ಐದು ಡಿಗ್ರಿಯ ಆಸುಪಾಸಿಗೆ ಇಳಿಯುವುದು ಸಾಮಾನ್ಯ. ಅದಕ್ಕಿಂತ ಮುಖ್ಯವಾದದ್ದು, ಅಲ್ಲಿನ ನೆಲ ಒದ್ದೆ. ಸರೋವರದ ಪಕ್ಕದ ಹುಲ್ಲು, ಇಬ್ಬನಿ, ಮಧ್ಯಾಹ್ನದ ಮಳೆ. ಒದ್ದೆ ನೆಲ ಒಣ ನೆಲಕ್ಕಿಂತ ಬೇಗ ಬಿಸಿ ಎಳೆದುಕೊಳ್ಳುತ್ತದೆ. ಮಲೆನಾಡಿನಲ್ಲಿ ಮಳೆಗಾಲ ಬಂದರೆ ಅಜ್ಜಿಯಂದಿರು ಚಾಪೆಯ ಕೆಳಗೆ ಗೋಣಿತಾಟು ಹಾಕುತ್ತಿದ್ದದ್ದು ನೆನಪಿದೆಯೇ? ಅದೇ ಕಾರಣ. ನಿಮ್ಮ ಕಾಶ್ಮೀರದ ರಾತ್ರಿಗಳಿಗೆ ಆರ್ ಮೌಲ್ಯ 3.5ಕ್ಕಿಂತ ಕಡಿಮೆಯದನ್ನು ನಾನು ಹೇಳುವುದಿಲ್ಲ. 4 ದಾಟಿದರೆ ನೆಮ್ಮದಿ.

ಕೇದಾರಕಂಠದ್ದು ಬೇರೆ ಕಥೆ. ಶಿಖರ 3,800 ಮೀಟರ್, ಡಿಸೆಂಬರ್‌ನಲ್ಲಿ ಬಿಡಾರಗಳ ಸುತ್ತ ಹಿಮ, ರಾತ್ರಿ ಶೂನ್ಯಕ್ಕಿಂತ ಐದು ಹತ್ತು ಡಿಗ್ರಿ ಕೆಳಗೆ. ಅದಕ್ಕೆಂದು ಎರಡನೆಯ ಪ್ಯಾಡ್ ಕೊಳ್ಳುವ ಆಲೋಚನೆ ನಿಮ್ಮ ತಲೆಯಲ್ಲಿ ಸುಳಿದಿದ್ದರೆ ಸದ್ಯಕ್ಕೆ ಅದನ್ನು ಬದಿಗಿಡಿ. ಆರ್ ಮೌಲ್ಯದ ಒಂದು ದೊಡ್ಡ ಉಪಕಾರವೆಂದರೆ ಅದು ಕೂಡಿಕೊಳ್ಳುತ್ತದೆ. 4.5ರ ಪ್ಯಾಡ್ ಕೆಳಗೆ 1ರ ಫೋಮ್ ಮ್ಯಾಟ್ ಹಾಸಿದರೆ 5.5. ನಿಮ್ಮ ಮನೆಯಲ್ಲಿರುವ ಕಪ್ಪು ಮ್ಯಾಟ್ ಸಾಮಾನ್ಯವಾಗಿ ಸಿಗುವ ಎಂಟು ಹತ್ತು ಮಿಲಿಮೀಟರ್ ದಪ್ಪದ್ದಾಗಿದ್ದರೆ ಅದರ ಪಾಲು ಹೆಚ್ಚುಕಡಿಮೆ ಆ ಒಂದು. ಸೊಂಟ ಅದನ್ನು ಒಪ್ಪದಿರಬಹುದು, ನೀವು ಮಾತ್ರ ಎಸೆಯಬೇಡಿ.

ಗ್ರಾಂ ಲೆಕ್ಕಕ್ಕೆ ಈಗ ಬರಬಹುದು. ಹಗುರ ಪ್ಯಾಡ್‌ಗಳ ಲೋಕದಲ್ಲಿ ಎಲ್ಲರೂ ಹೋಲಿಕೆಗೆ ಎತ್ತಿಕೊಳ್ಳುವುದು ಅಮೆರಿಕದ ಥರ್ಮ್-ಎ-ರೆಸ್ಟ್ ಕಂಪನಿಯ ನಿಯೋಏರ್ ಎಕ್ಸ್‌ಲೈಟ್. 2023ರಲ್ಲಿ ಬಂದ ಎನ್‌ಎಕ್ಸ್‌ಟಿ ಮಾದರಿಯಲ್ಲಿ 183 ಸೆಂ.ಮೀ. ಉದ್ದ, 51 ಅಗಲ, 7.6 ದಪ್ಪದ ಪ್ಯಾಡ್ ಸುಮಾರು 370 ಗ್ರಾಂ ತೂಗುತ್ತದೆ, ಆರ್ ಮೌಲ್ಯ 4.5. ಅದೇ ಕಂಪನಿಯ ಊಬರ್‌ಲೈಟ್ 250 ಗ್ರಾಂ ಮಾತ್ರ ಇತ್ತು, ಆದರೆ ಆರ್ ಮೌಲ್ಯ 2.3. ಹಿಮಕ್ಕೆಂದೇ ಮಾಡಿದ ಎಕ್ಸ್‌ಥರ್ಮ್ ಎನ್‌ಎಕ್ಸ್‌ಟಿ 440 ಗ್ರಾಂ ಆಸುಪಾಸು, ಆರ್ ಮೌಲ್ಯ 7.3. ಇನ್ನೊಂದು ಕಡೆ, ಜನಪ್ರಿಯವೂ ಅಗ್ಗವೂ ಆದ ಕ್ಲೈಮಿಟ್ ಸ್ಟ್ಯಾಟಿಕ್ ವಿ 500 ಗ್ರಾಂ ದಾಟುತ್ತದೆ, ಆರ್ ಮೌಲ್ಯ 1.3. ಬೇಸಗೆಯಲ್ಲಿ ಅದು ಒಳ್ಳೆಯ ಪ್ಯಾಡೇ, ಗಂಗಬಲ್‌ನಲ್ಲಿ ಅಲ್ಲ. ಈ ನಾಲ್ಕನ್ನು ಒಟ್ಟಿಗೆ ಇಟ್ಟು ನೋಡಿ. ಭಾರವಾದದ್ದು ಬೆಚ್ಚಗೆ, ಹಗುರವಾದದ್ದು ತಣ್ಣಗೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಊಬರ್‌ಲೈಟ್‌ನಿಂದ ಎಕ್ಸ್‌ಲೈಟ್‌ಗೆ ಬಂದರೆ 120 ಗ್ರಾಂ ಹೆಚ್ಚಾಗುತ್ತದೆ, ಬಿಸಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. 120 ಗ್ರಾಂ ಎಂದರೆ ಅರ್ಧ ಲೋಟಕ್ಕಿಂತ ತುಸು ಹೆಚ್ಚು ನೀರು. ಏಳು ದಿನದ ಊಟವನ್ನು ಹೊತ್ತು ಹೊರಟವರಿಗೆ ಅದು ಮೊದಲ ಮಧ್ಯಾಹ್ನವೇ ಕರಗುವ ಭಾರ.

ಹಾಗೆಂದು ಗ್ರಾಂ ಲೆಕ್ಕವೇ ಬೇಡ ಎನ್ನುತ್ತಿಲ್ಲ. ಪ್ರಾಮಾಣಿಕವಾಗಿ ಮಾಡಿ ಎನ್ನುತ್ತಿದ್ದೇನೆ. ಪೆಟ್ಟಿಗೆಯ ಮೇಲಿನ ತೂಕ ಬರಿಯ ಪ್ಯಾಡಿನದು. ಅದರ ಚೀಲ, ಗಾಳಿ ತುಂಬುವ ಪಂಪ್ ಚೀಲ, ದುರಸ್ತಿಯ ತೇಪೆ ಎಲ್ಲ ಸೇರಿಸಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ತಾವು ಕೊಂಡ 400 ಗ್ರಾಂನ ಪ್ಯಾಡ್ 560 ಆದದ್ದನ್ನು ಕಂಡು ಬೇಸರಪಟ್ಟವರು ಬಹಳ.

ತಾನೇ ಉಬ್ಬುವ ಫೋಮ್ ಪ್ಯಾಡ್‌ಗಳ ಬಗ್ಗೆ ನೀವು ಕೇಳಿಲ್ಲ, ಅಂಗಡಿಯಲ್ಲಿ ಮಾತ್ರ ನಿಮ್ಮ ಮುಂದೆ ಇಡುತ್ತಾರೆ. 1970ರ ದಶಕದ ಆರಂಭದಲ್ಲಿ ಸಿಯಾಟಲ್‌ನ ಬೋಯಿಂಗ್ ಕಾರ್ಖಾನೆಯಲ್ಲಿ ಕೆಲಸ ಕಳೆದುಕೊಂಡ ಜಿಮ್ ಲೀ, ನೀಲ್ ಆಂಡರ್ಸನ್ ಎಂಬ ಎಂಜಿನಿಯರುಗಳು ಹುಟ್ಟಿಸಿದ ಉಪಾಯ ಅದು. ತೋಟದ ಕೆಲಸಕ್ಕೆ ಮಂಡಿಯೂರಲು ಬಳಸುವ ಫೋಮ್ ತುಂಡನ್ನು ನೋಡಿ, ಇದನ್ನು ಗಾಳಿಯಾಡದ ಬಟ್ಟೆಯೊಳಗೆ ಮುಚ್ಚಿ ವಾಲ್ವ್ ಇಟ್ಟರೆ ಹೇಗೆ ಎಂದು ಯೋಚಿಸಿದವರು. ಥರ್ಮ್-ಎ-ರೆಸ್ಟ್ ಹುಟ್ಟಿದ್ದೇ ಹಾಗೆ. ಗಟ್ಟಿಮುಟ್ಟು, ಬೆಚ್ಚಗೆ, ತೂತಾದರೂ ಒಳಗೆ ಫೋಮ್ ಉಳಿದಿರುತ್ತದೆ. ಆದರೆ ನಿಮಗೆ ಬೇಕಾದಷ್ಟು ದಪ್ಪದ್ದು ಭಾರವೂ ಹೌದು, ಬೆನ್ನುಚೀಲದಲ್ಲಿ ಅರ್ಧ ಜಾಗ ತಿನ್ನುವುದೂ ಹೌದು. ಕಾರಿನಲ್ಲಿ ಹೋಗಿ ಟೆಂಟ್ ಹಾಕುವವರಿಗೆ ಚೆನ್ನ.

ನಿಮ್ಮ ಸೊಂಟದ ಮಾತಿಗೆ ಬಂದರೆ, ಬೆನ್ನ ಮೇಲೆ ಮಲಗುವವರ ಭಾರ ಇಡೀ ಮೈಯಗಲಕ್ಕೆ ಹಂಚಿಹೋಗುತ್ತದೆ. ಮಗ್ಗುಲಾದವರ ಭಾರವೆಲ್ಲ ಹೆಗಲು, ಸೊಂಟ ಎಂಬ ಎರಡು ಗೂಟಗಳ ಮೇಲೆ. ಐದು ಸೆಂಟಿಮೀಟರ್ ಪ್ಯಾಡಿನಲ್ಲಿ 82 ಕೆ.ಜಿ.ಯ ಗೂಟ ನೆಲ ಮುಟ್ಟಿಬಿಡುತ್ತದೆ; ಮುಟ್ಟಿದ ಜಾಗದಲ್ಲಿ ಆರ್ ಮೌಲ್ಯವೂ ಶೂನ್ಯಕ್ಕೆ ಹತ್ತಿರ. ನಿಮಗೆ ಏಳೂವರೆ ಸೆಂಟಿಮೀಟರ್‌ಗಿಂತ ಕಡಿಮೆ ಬೇಡ. ಕಾಲಿನ ಕಡೆ ಕಿರಿದಾಗುತ್ತ ಹೋಗುವ ಆಕಾರ ಒಂದಿಷ್ಟು ಗ್ರಾಂ ಉಳಿಸುತ್ತದೆ, ಆದರೆ ಮಂಡಿ ಮಡಚಿ ಮಲಗುವವರ ಮಂಡಿ ಹೊರಗೆ ಜಾರುತ್ತದೆ. ಆಯತಾಕಾರದ್ದೇ ಇರಲಿ.

ಉದ್ದಕ್ಕೆ 183 ಸೆಂ.ಮೀ. ಸಾಕು, ಮಗ್ಗುಲಾಗಿ ಮಲಗಿದಾಗ ನೀವು 180 ಇರುವುದಿಲ್ಲ. ತೂಕ ಉಳಿಸಲು ಮುಂಡಕ್ಕಷ್ಟೇ ಸಾಲುವ 120 ಸೆಂಟಿಮೀಟರ್ ಪ್ಯಾಡ್ ಹಾಸಿ, ಕಾಲ ಕೆಳಗೆ ಬೆನ್ನುಚೀಲ ಇಟ್ಟುಕೊಳ್ಳುವವರೂ ಇದ್ದಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಅಷ್ಟು ಅಕ್ಷರಶಃ ಪಾಲಿಸಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ನಲವತ್ತಾರರಲ್ಲಿ ಆ ಪ್ರಯೋಗ ಬೇಡ.

ಅಗಲದಲ್ಲಿ ಮಾತ್ರ ಯೋಚಿಸಬೇಕಾದದ್ದು ಇದೆ. ಪ್ಯಾಡ್‌ಗಳು ಸಾಮಾನ್ಯವಾಗಿ 51 ಇಲ್ಲವೇ 64 ಸೆಂ.ಮೀ. ಅಗಲ. ಮನೆಯ ನೆಲದ ಮೇಲೆ ನಿಮ್ಮ ಎಂದಿನ ಭಂಗಿಯಲ್ಲಿ ಮಲಗಿ, ಮನೆಯವರ ಕೈಗೆ ಸೀಮೆಸುಣ್ಣ ಕೊಟ್ಟು ಹೆಗಲು, ಮೊಣಕೈ, ಮಂಡಿಗಳ ಎಲ್ಲೆ ಗುರುತು ಮಾಡಿಸಿ. ನಗುತ್ತಾರೆ, ನಗಲಿ. ಗುರುತು 51ರೊಳಗೆ ಬಂದರೆ ನೀವು ಪುಣ್ಯವಂತರು. ನಿಮ್ಮ ಮೈಕಟ್ಟಿಗೆ ಬರುವುದು ಅನುಮಾನ. 64ರದ್ದು 80ರಿಂದ 100 ಗ್ರಾಂ ಹೆಚ್ಚು ತೂಗುತ್ತದೆ, ಅದು ನಿದ್ದೆಗೆ ಕೊಡುವ ಬೆಲೆ. ಆದರೆ ನೀವು ಮೂವರು ಒಂದೇ ಟೆಂಟಿನಲ್ಲಿ ಮಲಗುವವರು. ಮೂವರ ಹಗುರ ಟೆಂಟುಗಳ ನೆಲ ಸಾಮಾನ್ಯವಾಗಿ 170ರಿಂದ 180 ಸೆಂ.ಮೀ. ಅಗಲ. ಮೂವರೂ 64ರದ್ದು ತಂದರೆ 192. ಒಬ್ಬರ ಪ್ಯಾಡ್ ಇನ್ನೊಬ್ಬರ ಮೇಲೆ ಹತ್ತುತ್ತದೆ. ಒಬ್ಬರದು 64, ಇಬ್ಬರದು 51 ಆದರೆ 166, ಸರಿಯಾಗಿ ಕೂರುತ್ತದೆ. ಅಗಲದ್ದು ಯಾರಿಗೆ ಎಂಬುದನ್ನು ಕೊಳ್ಳುವ ಮೊದಲೇ, ಸ್ನೇಹ ಇನ್ನೂ ಚೆನ್ನಾಗಿರುವಾಗಲೇ, ತೀರ್ಮಾನಿಸಿಕೊಳ್ಳಿ.

ಸದ್ದಿನ ಬಗ್ಗೆ ಒಂದು ಮಾತು. ಒಳಗೆ ಲೋಹದ ಲೇಪದ ಹಾಳೆ ಇರುವ ಪ್ಯಾಡ್‌ಗಳು ಮಗ್ಗುಲು ಬದಲಿಸಿದಾಗ ಸಂಡಿಗೆ ಪೊಟ್ಟಣ ಹಿಚುಕಿದಂತೆ ಸದ್ದು ಮಾಡುತ್ತಿದ್ದವು. ಹೊಸ ಮಾದರಿಗಳಲ್ಲಿ ಬಹಳ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ನಿಮಗೆ ಕೇಳಿಸುವುದಿಲ್ಲ, ಪಕ್ಕದವರಿಗೆ ಕೇಳಿಸುತ್ತದೆ.

ಬಟ್ಟೆ ಎಷ್ಟು ಗಟ್ಟಿ ಎಂಬುದನ್ನು ಡೀನಿಯರ್ ಹೇಳುತ್ತದೆ. ಒಂಬತ್ತು ಸಾವಿರ ಮೀಟರ್ ಎಳೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಅಳತೆ. ರಾಮನಗರ, ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆದಾರರಿಗೆ ಇದು ದಿನಬಳಕೆಯ ಮಾತು. ಹಗುರ ಪ್ಯಾಡ್‌ಗಳಲ್ಲಿ 20, 30, 40 ಡೀನಿಯರ್ ನೈಲಾನ್ ಇರುತ್ತದೆ, ಒಳಮೈಗೆ ಟಿಪಿಯು ಎಂಬ ಪ್ಲಾಸ್ಟಿಕ್ ಲೇಪ. ಕೆಳಗಿನ ಬಟ್ಟೆ 30 ಇದ್ದರೆ ಎಚ್ಚರದಿಂದ ಬಳಸುವವರಿಗೆ ಸಾಕು. 20 ಕೊಂಡರೆ ನೀವು ಪ್ಯಾಡ್ ನೋಡಿಕೊಳ್ಳುವ ಕೆಲಸವನ್ನೂ ಕೊಂಡಿರಿ ಎಂದೇ ಅರ್ಥ. ಪಿವಿಸಿಯದ್ದು ಬೇಡ, ಭಾರ.

ಈಗ ನಿಮ್ಮ ನಿಜವಾದ ಭಯ, ಪಂಕ್ಚರ್. ಎಷ್ಟೋ ಸಲ ಪಂಕ್ಚರ್ ಎಂದು ಗಾಬರಿ ಪಡುವುದು ಪಂಕ್ಚರೇ ಆಗಿರುವುದಿಲ್ಲ. ಸಂಜೆ ಹದಿನೈದು ಡಿಗ್ರಿಯಲ್ಲಿ ಗಟ್ಟಿಯಾಗಿ ತುಂಬಿದ ಗಾಳಿ ನಡುರಾತ್ರಿ ಶೂನ್ಯಕ್ಕೆ ಇಳಿದರೆ ನೂರಕ್ಕೆ ಐದು ಪಾಲಿನಷ್ಟು ಕುಗ್ಗುತ್ತದೆ. ಬಾಯಿಯಿಂದ ಊದಿದ್ದರೆ ಆ ಗಾಳಿ ಮೈಬಿಸಿಯದ್ದು, ಇನ್ನೂ ಬೇಗ ಸಡಿಲವಾಗುತ್ತದೆ. ಆದ್ದರಿಂದ ತುಂಬಿ, ಊಟ ಮುಗಿಸಿ, ಮಲಗುವ ಮುನ್ನ ಇನ್ನೊಮ್ಮೆ ತುಂಬಿ. ಎಷ್ಟು ಗಟ್ಟಿ ಬೇಕು ಎಂಬುದಕ್ಕೆ ನನ್ನ ಕ್ರಮ ಹೀಗೆ: ಪೂರ್ತಿ ತುಂಬಿ ಮಗ್ಗುಲಾಗಿ ಮಲಗಿ, ವಾಲ್ವನ್ನು ತುಸು ತುಸುವೇ ಬಿಡುತ್ತ ಬರುತ್ತೇನೆ, ಸೊಂಟಕ್ಕೂ ನೆಲಕ್ಕೂ ನಡುವೆ ಎರಡು ಬೆರಳು ಉಳಿದಾಗ ನಿಲ್ಲಿಸುತ್ತೇನೆ. ಕಲ್ಲಿನಂತೆ ತುಂಬಿದ ಪ್ಯಾಡ್ ಮೇಲೆ ಮಲಗುವುದು ಕುಂಬಳಕಾಯಿಯ ಮೇಲೆ ಮಲಗಿದ ಹಾಗೆ.

ಬಾಯಿಯಿಂದ ಊದಬೇಡಿ. ಇಂಥ ಪ್ಯಾಡಿಗೆ ಇಪ್ಪತ್ತಕ್ಕೂ ಹೆಚ್ಚು ದೀರ್ಘ ಉಸಿರು ಬೇಕು. ಆ ಎತ್ತರದಲ್ಲಿ, ದಿನವಿಡೀ ನಡೆದ ಮೇಲೆ, ತಲೆ ಸುತ್ತುತ್ತದೆ. ಉಸಿರಿನ ತೇವ ಒಳಗೆ ಸೇರಿ ಊರಿಗೆ ಬಂದ ಮೇಲೆ ಬೂಷ್ಟು ಹಿಡಿಯುತ್ತದೆ, ಗರಿ ತುಂಬಿದ ಪ್ಯಾಡ್ ಆದರೆ ಗರಿಯೇ ಮುದ್ದೆಗಟ್ಟುತ್ತದೆ. ಪಂಪ್ ಚೀಲ ಬಳಸಿ. ನಾಲ್ಕೈದು ಸಲ ಚೀಲದಲ್ಲಿ ಗಾಳಿ ಹಿಡಿದು ಒತ್ತಿದರೆ ಮುಗಿಯಿತು. ಹಗಲಿನಲ್ಲಿ ಅದೇ ಚೀಲ ಬಟ್ಟೆಯನ್ನು ಮಳೆಯಿಂದ ಕಾಯುತ್ತದೆ. ಬೆರಳುದ್ದದ ಬ್ಯಾಟರಿ ಪಂಪುಗಳೂ ಬಂದಿವೆ, ಏಳು ದಿನ ವಿದ್ಯುತ್ ಇಲ್ಲದ ದಾರಿಗೆ ಅದು ಇನ್ನೊಂದು ಚಿಂತೆ.

ನಿಜವಾಗಿಯೂ ತೂತಾದಾಗ ಮೊದಲು ವಾಲ್ವ್ ನೋಡಿ. ಮರಳಿನ ಕಣವೊಂದು ಸಿಕ್ಕಿಕೊಂಡಿದ್ದರೂ ಗಾಳಿ ಇಳಿಯುತ್ತದೆ. ವಾಲ್ವ್ ಸರಿಯಿದ್ದರೆ ಪ್ಯಾಡನ್ನು ಗಟ್ಟಿಯಾಗಿ ತುಂಬಿ, ಒದ್ದೆ ಮಾಡಿದ ಕೆನ್ನೆಯನ್ನು ಅದರ ಮೇಲೆ ನಿಧಾನವಾಗಿ ಸಾಗಿಸಿ. ಕಿವಿಗೆ ಕೇಳದ ಸೋರಿಕೆ ಒದ್ದೆ ಕೆನ್ನೆಗೆ ತಣ್ಣಗೆ ಗೊತ್ತಾಗುತ್ತದೆ. ಬೆಳಗಾಗಿದ್ದರೆ ತೊರೆಯ ನೀರಿನಲ್ಲಿ ಭಾಗ ಭಾಗವಾಗಿ ಮುಳುಗಿಸಿ ಗುಳ್ಳೆ ಹುಡುಕಬಹುದು. ಸರೋವರಕ್ಕೆ ಸೋಪು ಮುಟ್ಟಿಸಬೇಡಿ, ಗುಳ್ಳೆ ಸೋಪಿಲ್ಲದೆಯೂ ಕಾಣುತ್ತದೆ. ಸಿಕ್ಕಿದ ತೂತಿನ ಸುತ್ತ ಬಾಲ್‌ಪೆನ್ನಿನಿಂದ ವೃತ್ತ ಬರೆಯಿರಿ, ಇಲ್ಲದಿದ್ದರೆ ಒರೆಸುವಷ್ಟರಲ್ಲಿ ಕಳೆದುಹೋಗುತ್ತದೆ. ಗಾಳಿ ಪೂರ್ತಿ ಬಿಟ್ಟು, ಒಣಗಿಸಿ, ಇಂಜೆಕ್ಷನ್‌ಗೆ ಮೊದಲು ಒರೆಸುವ ಸ್ಪಿರಿಟ್ ಹತ್ತಿಯಿಂದ ಶುಚಿ ಮಾಡಿ, ಪ್ಯಾಡಿನ ಜೊತೆ ಬಂದ ತೇಪೆ ಅಂಟಿಸಿ ಚೆನ್ನಾಗಿ ಒತ್ತಿ. ಸೈಕಲ್ ಅಂಗಡಿಯ ಪಂಕ್ಚರ್ ಸೊಲ್ಯೂಷನ್ ಒಯ್ಯಬೇಡಿ. ಅದು ರಬ್ಬರ್ ಟ್ಯೂಬಿಗೆ ಮಾಡಿದ್ದು, ಈ ಪ್ಲಾಸ್ಟಿಕ್ ಲೇಪದ ಮೇಲೆ ನಿಲ್ಲುವುದಿಲ್ಲ. ಯುರೆಥೇನ್ ಅಂಟು ನಿಲ್ಲುತ್ತದೆ, ಆದರೆ ಒಣಗಲು ಗಂಟೆಗಟ್ಟಲೆ ಬೇಕು. ತೇಪೆಯೂ ಇಲ್ಲದ ನಡುರಾತ್ರಿಯಲ್ಲಿ ಬೆನ್ನುಚೀಲ, ಮಳೆಯಂಗಿ, ಉಳಿದ ಬಟ್ಟೆ ಎಲ್ಲವನ್ನೂ ಕೆಳಗೆ ಹಾಸಿ. ಪ್ಯಾಡ್ ಸೋತ ರಾತ್ರಿ ಚಳಿ ಬರುವುದು ನೆಲದಿಂದ, ಮೇಲಿನಿಂದ ಅಲ್ಲ.

ಸರಿಮಾಡಲು ಆಗದ ಕೇಡು ಒಂದೇ: ಒಳಗೋಡೆ ಕಿತ್ತು ಪ್ಯಾಡಿನಲ್ಲಿ ದೊಡ್ಡ ಗುಳ್ಳೆ ಏಳುವುದು. ಬೆಳಿಗ್ಗೆ ಎದ್ದು ತುಂಬಿದ ಪ್ಯಾಡನ್ನು ಮುಚ್ಚಿದ ಟೆಂಟಿನೊಳಗೆ ಬಿಟ್ಟು ಹೋದರೆ, ಬಿಸಿಲಿಗೆ ಟೆಂಟ್ ಕಾದು, ರಾತ್ರಿ ಕುಗ್ಗಿದ ಅದೇ ಗಾಳಿ ಹಿಗ್ಗಿ ಅಂಟನ್ನು ಬಿಡಿಸಬಹುದು. ಎದ್ದ ಕೂಡಲೇ ವಾಲ್ವ್ ತೆರೆಯಿರಿ. ಡೀಟ್ ಎಂಬ ರಾಸಾಯನಿಕ ಇರುವ ಸೊಳ್ಳೆ ಮುಲಾಮು ಹಚ್ಚಿದ ಕೈಯನ್ನೂ ದೂರವಿಡಿ, ಅದು ಕೆಲವು ಪ್ಲಾಸ್ಟಿಕ್‌ಗಳನ್ನು ಕರಗಿಸುತ್ತದೆ.

ಕಾಶ್ಮೀರದ ಹುಲ್ಲುಗಾವಲಿಗಿಂತ ನನಗೆ ಹೆಚ್ಚು ಭಯ ನಮ್ಮ ಬಯಲುಸೀಮೆಯ ನೆಲದ್ದೇ. ಒಂದು ನೆಗ್ಗಿಲು ಮುಳ್ಳು ಸಾಕು. ಸೈಕಲ್ ಟೈರನ್ನೇ ಹಾಯುವ ಅದಕ್ಕೆ 30 ಡೀನಿಯರ್ ಯಾವ ಲೆಕ್ಕ? ಊರ ಹತ್ತಿರ ಅಭ್ಯಾಸಕ್ಕೆಂದು ಹೊರಗೆ ಮಲಗುವುದಾದರೆ ಹಳೆಯ ಫೋಮ್ ಕೆಳಗಿರಲಿ. ನಮ್ಮ ಘಟ್ಟದ ಬಹುಪಾಲು ಚಾರಣಗಳಲ್ಲಿ ಅರಣ್ಯ ಇಲಾಖೆ ರಾತ್ರಿ ತಂಗಲು ಬಿಡುವುದಿಲ್ಲವಾದ್ದರಿಂದ ಅಭ್ಯಾಸಕ್ಕೆ ಮನೆಯ ಮಹಡಿಯೇ ಗತಿ.

ಇಷ್ಟೆಲ್ಲ ಹೇಳಿದ ಮೇಲೆ ನಿಮಗೆ ನನ್ನ ಶಿಫಾರಸು: ಆರ್ ಮೌಲ್ಯ 4.5, ದಪ್ಪ ಏಳೂವರೆ ಸೆಂಟಿಮೀಟರ್ ಅಥವಾ ಮೇಲೆ, 64 ಸೆಂ.ಮೀ. ಅಗಲದ ಆಯತ, ಎಲ್ಲ ಸೇರಿ 550 ಗ್ರಾಂ ಒಳಗೆ. ಅಮೆರಿಕದಲ್ಲೇ ಎಕ್ಸ್‌ಲೈಟ್‌ಗೆ 200 ಡಾಲರ್ ದಾಟುತ್ತದೆ, ಇಲ್ಲಿಗೆ ಬರುವಾಗ ಸುಂಕವೂ ಸೇರುತ್ತದೆ. ವರ್ಷಕ್ಕೆ ಹತ್ತು ರಾತ್ರಿ ಹೊರಗೆ ಮಲಗುವವರು ನೀವಾದರೆ ಆ ದುಡ್ಡು ದಂಡವಲ್ಲ. ಈ ಎರಡು ಚಾರಣಕ್ಕೇ ಮುಗಿಯುವ ಹುಮ್ಮಸ್ಸಾದರೆ ಅದರ ಮೂರನೇ ಒಂದು ಪಾಲು ಬೆಲೆಯಲ್ಲಿ ಆರ್ ಮೌಲ್ಯ 3ರ ಪ್ಯಾಡ್ ಹುಡುಕಿ, ಕೆಳಗೆ ನಿಮ್ಮ ಫೋಮ್ ಹಾಸಿ. ಕೂಡಿದರೆ 4, ಕಾಶ್ಮೀರಕ್ಕೆ ಸಾಕು, ಕೇದಾರಕಂಠದ ಹಿಮಕ್ಕೆ ಸಾಲದು. ತೂಕ ಇನ್ನೂರು ಮುನ್ನೂರು ಗ್ರಾಂ ಹೆಚ್ಚು, ಪಂಕ್ಚರ್ ಭಯ ಅರ್ಧ. ನಿಜ ಹೇಳಬೇಕೆಂದರೆ, ಇಂದಿಗೂ ಮಳೆ ಜೋರಾಗಿರುವ ತಿಂಗಳುಗಳಲ್ಲಿ ನಾನು ಹೊರುವುದು ಈ ಜೋಡಿಯನ್ನೇ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಫೋಮ್ ಕೆಳಗೆ, ಸಂಜೆ ಒಲೆಯ ಮುಂದೆ ಕೂರಲೂ ಫೋಮ್. ಗಾಳಿ ಪ್ಯಾಡ್ ಟೆಂಟಿನಿಂದ ಹೊರಗೆ ಬರುವುದೇ ಇಲ್ಲ.

ಕೊಂಡ ದಿನವೇ ತುಂಬಿ, ಮುಳ್ಳು ಮೊಳೆ ಇಲ್ಲದ ಕೋಣೆಯಲ್ಲಿ ಮೇಲೆ ನಾಲ್ಕು ದಪ್ಪ ಪುಸ್ತಕ ಹೇರಿ ಒಂದು ಹಗಲು ಒಂದು ರಾತ್ರಿ ಬಿಡಿ. ಸೋರಿದರೆ ವಾಪಸು ಕೊಡುವ ಅವಧಿ ಮುಗಿಯುವ ಮೊದಲೇ ಗೊತ್ತಾಗುತ್ತದೆ. ಆಮೇಲೆ ಎರಡು ರಾತ್ರಿ ಅದರ ಮೇಲೆಯೇ, ಫ್ಯಾನ್ ಹಾಕಿಕೊಂಡು, ಬರಿ ನೆಲದಲ್ಲಿ ಮಲಗಿ ನೋಡಿ. ದಾವಣಗೆರೆಯ ಬೇಸಗೆಯಲ್ಲಿ ಅದರ ಬಿಸಿಯ ಗುಣ ತಿಳಿಯದು, ಬೆವರುತ್ತೀರಿ ಅಷ್ಟೆ. ಸೊಂಟ ಏನು ಹೇಳುತ್ತದೆ ಎಂಬುದು ಮಾತ್ರ ಎರಡನೆಯ ಬೆಳಿಗ್ಗೆಯ ಹೊತ್ತಿಗೆ ತಿಳಿದುಹೋಗುತ್ತದೆ.